ಕೆರೆಯ ಏರಿಯೂ ವಿಶ್ವೇಶ್ವರಯ್ಯನವರೂ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗರ ಕಣ್ಣ ಮುಂದೆ ಕನ್ನಂಬಾಡಿಯ ಕಟ್ಟೆ ಬಂದು ನಿಲ್ಲುವುದು ಸಹಜವೇ ಸರಿ. ಕಾವೇರಿಯನ್ನು ತಡೆದು ನಿಲ್ಲಿಸಿದ ಮಹಾಕಾರ್ಯವನ್ನು ನಾಡು ಮರೆಯಲಾರದು. ಆದರೆ ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಆ ಮಹನೀಯರನ್ನು ನೆನೆಯುವುದಕ್ಕೆ ಬೇರೊಂದು ಕಾರಣವೂ ಉಂಟು. ಅವರು ಈ ನಗರದ ಕೆಲಸವನ್ನು ಕೈಗೆತ್ತಿಕೊಂಡಾಗ ಎಣಿಸಿ ನೋಡಿದ ಸಂಗತಿಗಳಲ್ಲಿ, ನಗರದಿಂದ ಬಲು ದೂರದ ಹಳ್ಳಿಗಳ ಸಣ್ಣ ಕೆರೆಗಳೂ ಅವುಗಳ ಮಣ್ಣಿನ ಏರಿಗಳೂ ಇದ್ದವು. ಆ ಎಣಿಕೆಯಿಂದ ತಿಳಿದುಬಂದ ಸತ್ಯವು ಇಂದಿಗೂ ಹಳತಾಗಿಲ್ಲ. ಆದುದರಿಂದ ಅವರ ಜೀವನಚರಿತ್ರೆಯನ್ನು ಈ ಸಲ ಕೆರೆಯ ಏರಿಯ ಮೇಲೆ ನಿಂತು ನೋಡಬೇಕೆಂಬುದು ನಮ್ಮ ಆಶಯ.

ವಿಶ್ವೇಶ್ವರಯ್ಯನವರು ಜನಿಸಿದ್ದು 1861ನೆಯ ಇಸವಿ ಸೆಪ್ಟೆಂಬರ್ 15ರಂದು, ಅಂದಿನ ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಆ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯೆಂಬುದಿಲ್ಲ. ಮಳೆಗಾಲದಲ್ಲಿ ಬಿದ್ದ ನೀರನ್ನು ಮಣ್ಣಿನ ಏರಿಯ ಹಿಂದೆ ಕೂಡಿಟ್ಟುಕೊಂಡು, ಬೇಸಗೆಯವರೆಗೆ ಅದನ್ನೇ ನೆಚ್ಚಿ ಬಾಳುವುದು ಅಲ್ಲಿನ ಜನರಿಗೆ ತಲೆತಲಾಂತರದಿಂದ ಬಂದ ರೀತಿ. ಕೆರೆ ತುಂಬಿದರೆ ಊರಿಗೆ ಊಟ, ಏರಿ ಒಡೆದರೆ ಊರಿಗೆ ಕೇಡು ಎಂಬುದನ್ನು ಅಂತಹ ನೆಲದಲ್ಲಿ ಹುಟ್ಟಿದ ಮಗುವಿಗೆ ಯಾರೂ ಪಾಠ ಹೇಳಿ ಕಲಿಸಬೇಕಾಗಿರಲಿಲ್ಲ.

ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನು ಚಿಕ್ಕಬಳ್ಳಾಪುರದಲ್ಲಿ ಮೊದಲ ವಿದ್ಯಾಭ್ಯಾಸವನ್ನು ಮುಗಿಸಿ, ಸೋದರಮಾವನ ಆಶ್ರಯದಲ್ಲಿ ಬೆಂಗಳೂರಿಗೆ ಬಂದನು. ಮನೆಪಾಠ ಹೇಳಿ ಬಂದ ಹಣದಿಂದ ಓದನ್ನು ಸಾಗಿಸುತ್ತ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಪದವಿಯನ್ನು ಪಡೆದನು. ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತು, ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಅಭ್ಯಾಸಮಾಡಿ, 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನವನ್ನು ಗಳಿಸಿದನು. ಮರುವರ್ಷವೇ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಆಗಿ ನೇಮಕವಾಯಿತು. ಆಗ ಅವರಿಗೆ ಇಪ್ಪತ್ತಮೂರು ವರ್ಷವೂ ತುಂಬಿರಲಿಲ್ಲ.

ಆ ಪ್ರಾಂತದಲ್ಲಿ ಅವರು ಕಳೆದದ್ದು ಸುಮಾರು ಇಪ್ಪತ್ತನಾಲ್ಕು ವರ್ಷ. ಖಾನದೇಶದ ಧುಳೆಯ ಬಳಿ ನೀರಿನ ಹರಿವಿಗೆ ಅಡ್ಡಲಾಗಿ ಪೈಪಿನ ಸೈಫನ್ ಕಟ್ಟಿಸುವುದು ಅವರಿಗೆ ದೊರೆತ ಮೊದಮೊದಲ ಹೊಣೆಗಳಲ್ಲಿ ಒಂದು. ಮಳೆಗಾಲದ ನೆರೆ ಕೆಲಸವನ್ನು ತಡೆದರೂ ಅವರು ಅದನ್ನು ಬಿಡದೆ ಪೂರೈಸಿದರು. ಸಿಂಧ್ ಪ್ರಾಂತದ ಸಕ್ಕರ್ ನಗರಕ್ಕೆ ಸಿಂಧೂನದಿಯ ನೀರನ್ನು ಶುದ್ಧಮಾಡಿ ಒದಗಿಸುವ ಕೆಲಸವನ್ನು 1895ರಲ್ಲಿ ಮುಗಿಸಿದರು. ಪುಣೆಯ ಸೀಮೆಯಲ್ಲಿ ಕಾಲುವೆ ನೀರನ್ನು ರೈತರಿಗೆ ಸರದಿಯಂತೆ ಹಂಚುವ ಬ್ಲಾಕ್ ಪದ್ಧತಿಯನ್ನು ರೂಪಿಸಿದರು. ಇವೆಲ್ಲವೂ ಕೀರ್ತಿಗೆ ಕಾರಣವಾದುವೇ. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದುದು ಖಡಕ್ವಾಸಲಾದ ಬಾಗಿಲುಗಳ ಕಥೆ.

ಪುಣೆಯ ಹತ್ತಿರ ಮುಠಾ ನದಿಗೆ ಕಟ್ಟಿದ ಖಡಕ್ವಾಸಲಾ ಅಣೆಕಟ್ಟಿನ ಹಿಂದೆ ಫೈಫ್ ಸರೋವರವೆಂಬ ಜಲಾಶಯವಿದೆ. ಮಳೆಗಾಲದಲ್ಲಿ ಅದು ತುಂಬಿ ಕೋಡಿಯ ಮೇಲೆ ಅಪಾರವಾದ ನೀರು ವ್ಯರ್ಥವಾಗಿ ಹರಿದುಹೋಗುತ್ತಿತ್ತು. ಬೇಸಗೆಯಲ್ಲಿ ಊರಿಗೂ ಕಾಲುವೆಗಳಿಗೂ ನೀರು ಸಾಲದು. ಕಟ್ಟೆಯನ್ನು ಎತ್ತರಿಸಿದರೆ ಹೆಚ್ಚು ನೀರು ನಿಲ್ಲುವುದೇನೋ ನಿಜ. ಆದರೆ ಅದಕ್ಕೆ ತಗಲುವ ವೆಚ್ಚ ಹೆಚ್ಚು. ಕೋಡಿಯನ್ನು ಮುಚ್ಚಿ ನೀರನ್ನು ನಿಲ್ಲಿಸುವುದು ಅದಕ್ಕಿಂತ ಘೋರವಾದ ತಪ್ಪು. ಏಕೆಂದರೆ ಕೋಡಿಯೆಂಬುದು ಜಲಾಶಯದ ಉಸಿರು. ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ತಾವೇ ಯೋಚಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ನಿಲ್ಲಿಸಿದರು. ಅವು ಹಳೆಯ ಮಟ್ಟಕ್ಕಿಂತ ಸುಮಾರು 8 ಅಡಿ ಮೇಲಕ್ಕೆ ನೀರನ್ನು ತಡೆದು ಹಿಡಿಯುವುವು. ನೆರೆ ಬಂದು ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ತಾವಾಗಿಯೇ ತೆರೆದುಕೊಳ್ಳುವುವು. ನೆರೆ ಇಳಿದ ಮೇಲೆ ಮತ್ತೆ ತಾವಾಗಿಯೇ ಮುಚ್ಚಿಕೊಳ್ಳುವುವು. 1903ರ ಹೊತ್ತಿಗೆ ಅವು ಅಲ್ಲಿ ಕೆಲಸಮಾಡುತ್ತಿದ್ದುವು. ಆ ಸಾಧನಕ್ಕೆ ಅವರು ಪೇಟೆಂಟ್ ಪಡೆದರಾದರೂ, ತಾವು ಸಂಬಳ ಪಡೆಯುತ್ತಿದ್ದ ಸರ್ಕಾರದಿಂದ ಅದಕ್ಕಾಗಿ ಗೌರವಧನವನ್ನು ಸ್ವೀಕರಿಸಲಿಲ್ಲ.

ಈ ಬಾಗಿಲುಗಳಲ್ಲಿ ಅಡಗಿರುವ ವಿಚಾರವನ್ನು ನಮ್ಮ ವಿದ್ಯಾರ್ಥಿಮಿತ್ರರು ಗಮನಿಸಬೇಕು. ನೆರೆಯು ಕಾಲ ಕೇಳಿ ಬರುವುದಿಲ್ಲ. ನಡುರಾತ್ರಿಯಲ್ಲಿ, ಸುರಿಯುವ ಮಳೆಯಲ್ಲಿ, ಕಾವಲುಗಾರನು ಕತ್ತಲೆಯಲ್ಲಿ ತಡವರಿಸುತ್ತಿರುವಾಗ ಅದು ಬಂದೀತು. ಹೆಚ್ಚಿನ ನೀರಿಗೆ ಹೊರಹೋಗುವ ದಾರಿ ಆ ಗಳಿಗೆಯಲ್ಲಿಯೂ ತೆರೆದಿರಬೇಕು. ಕಟ್ಟೆಯು ದೊಡ್ಡದಿರಲಿ ಸಣ್ಣದಿರಲಿ, ಅದರ ಕ್ಷೇಮದ ಮೊದಲನೆಯ ಸೂತ್ರ ಇದೇ.

1908ರಲ್ಲಿ ಅವರು ಮುಂಬಯಿ ಸರ್ಕಾರದ ಸೇವೆಯಿಂದ ನಿವೃತ್ತರಾಗಿ ವಿದೇಶ ಪ್ರವಾಸಕ್ಕೆ ಹೊರಟರು. ಅದೇ ವರ್ಷ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಹೈದರಾಬಾದಿಗೆ ಮಹಾವಿಪತ್ತು ಬಂದೊದಗಿತು. ನಗರದ ನಡುವೆ ಹರಿಯುವ ಮೂಸಿ ನದಿಯ ಜಲಾನಯನ ಪ್ರದೇಶದಲ್ಲಿ ಹಿಂದೆಂದೂ ಕಾಣದಂತಹ ಮಳೆ ಸುರಿಯಿತು. ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12 ಅಂಗುಲಕ್ಕೂ ಹೆಚ್ಚು, 48 ಗಂಟೆಗಳಲ್ಲಿ ಸುಮಾರು 19 ಅಂಗುಲ ಮಳೆಯಾಯಿತು. 28ನೆಯ ತಾರೀಖಿನಂದು ನದಿಯು ದಡ ಮೀರಿ ನಗರದೊಳಕ್ಕೆ ನುಗ್ಗಿತು. ಅಫ್ಜಲ್‌ಗಂಜ್ ಮುಂತಾದ ಕಡೆಗಳಲ್ಲಿ ಬೀದಿಬೀದಿಗಳೇ ಕೊಚ್ಚಿಹೋದುವು. ಸಾವಿರಾರು ಮನೆಗಳು ಕುಸಿದುವು. ಮಡಿದವರ ಲೆಕ್ಕವನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರೆ. 15,000 ಎಂಬುದು ಸಾಮಾನ್ಯವಾಗಿ ಕೇಳಿಬರುವ ಅಂದಾಜು. ಉಸ್ಮಾನಿಯಾ ಆಸ್ಪತ್ರೆಯ ಆವರಣದ ಹುಣಸೆಮರವನ್ನು ಏರಿ ಕುಳಿತು ಸುಮಾರು 150 ಜನರು ಆ ದಿನ ಜೀವ ಉಳಿಸಿಕೊಂಡರೆಂಬ ಸಂಗತಿಯನ್ನು ಈ ಊರಿನ ಹಿರಿಯರು ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ.

ನಿಜಾಮರ ಸರ್ಕಾರವು ವಿದೇಶದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ಕರೆಯನ್ನು ಕಳುಹಿಸಿತು. ಅವರು 1909ರ ಏಪ್ರಿಲ್ ತಿಂಗಳಲ್ಲಿ ಹೈದರಾಬಾದಿಗೆ ಬಂದರು. ಮುಂದೆ ಇಂತಹ ಪ್ರವಾಹದಿಂದ ನಗರವನ್ನು ಕಾಪಾಡುವುದು, ಹಾಳಾದ ನಗರವನ್ನು ಸುಧಾರಿಸುವುದು, ಒಳಚರಂಡಿಯ ಏರ್ಪಾಡು ಮಾಡುವುದು, ಇವು ಅವರಿಗೆ ಒಪ್ಪಿಸಿದ ಕಾರ್ಯಗಳು.

ಊರಿನ ಬೀದಿಗಳಲ್ಲಿ ಹಾನಿಯಾಗಿತ್ತು. ಕಾರಣವನ್ನು ಅಲ್ಲಿಯೇ ಹುಡುಕುವುದು ಯಾರಿಗಾದರೂ ತೋಚುವ ಮಾರ್ಗ. ದಡಗಳನ್ನು ಎತ್ತರಿಸಿ ಗೋಡೆ ಕಟ್ಟಿದರೆ ಸಾಕೆಂದು ಹೇಳಿ ಕೈತೊಳೆದುಕೊಳ್ಳಬಹುದಾಗಿತ್ತು. ವಿಶ್ವೇಶ್ವರಯ್ಯನವರು ನದಿಯ ಮೇಲಕ್ಕೆ ದೃಷ್ಟಿ ಹಾಯಿಸಿದರು. ನೀರು ಎಲ್ಲಿಂದ ಬಂದಿತು, ಎಷ್ಟು ಬಂದಿತು, ಎಷ್ಟು ಹೊತ್ತಿನಲ್ಲಿ ಬಂದಿತು ಎಂಬುದನ್ನು ಅಂಕಿಗಳಿಂದಲೇ ತಿಳಿಯಬೇಕೆಂಬುದು ಅವರ ನಿಲುವು. ನಗರದ ಮೇಲ್ಭಾಗದಲ್ಲಿ ಮೂಸಿಯ ಜಲಾನಯನ ಪ್ರದೇಶದ ವಿಸ್ತೀರ್ಣ 862 ಚದರ ಮೈಲಿ. ಆ ಪ್ರದೇಶದಲ್ಲಿ ಇದ್ದ ಕೆರೆಗಳು 788. ಎಂದರೆ ಹೆಚ್ಚುಕಡಿಮೆ ಮೈಲಿಗೊಂದು ಕೆರೆ! ಆ 788ರಲ್ಲಿ 221 ಕೆರೆಗಳು ಒಡೆದುಹೋಗಿದ್ದುವು. ಮಳೆಯ ನೀರಿನೊಡನೆ, ಈ ಕೆರೆಗಳು ಹಿಡಿದಿಟ್ಟುಕೊಂಡಿದ್ದ ನೀರೂ ಸೇರಿ ನಗರದ ಮೇಲೆ ಬಿದ್ದಿತ್ತು. ನದಿಯಲ್ಲಿ ಹರಿದ ಪ್ರವಾಹವು ಸೆಕೆಂಡಿಗೆ ಸುಮಾರು 4,25,000 ಘನ ಅಡಿಯೆಂದು ಅವರು ಲೆಕ್ಕ ಹಾಕಿದರು.

ಇಷ್ಟೊಂದು ಕೆರೆಗಳು ಒಮ್ಮೆಗೇ ಒಡೆಯುವುದು ಹೇಗೆ? ಇದನ್ನು ತಿಳಿಯಬೇಕಾದರೆ ಮಣ್ಣಿನ ಏರಿಯ ಸ್ವಭಾವವನ್ನು ಸ್ವಲ್ಪ ಅರಿಯಬೇಕು. ಕಲ್ಲಿನ ಕಟ್ಟೆಯ ನೆತ್ತಿಯ ಮೇಲೆ ಕೆಲವು ಗಂಟೆ ನೀರು ಹರಿದರೂ ಅದು ತಡೆದುಕೊಂಡೀತು. ಮಣ್ಣಿನ ಏರಿಗೆ ಆ ಶಕ್ತಿಯಿಲ್ಲ. ನೀರು ಏರಿಯ ಮೇಲೆ ಹತ್ತಿ ಹಿಂಬದಿಗೆ ಇಳಿದೊಡನೆ ಮಣ್ಣನ್ನು ಕೊರೆಯತೊಡಗುತ್ತದೆ. ಗೇಣಗಲದ ಕೊರಕಲು ನೋಡನೋಡುತ್ತಿದ್ದಂತೆ ಬಂಡಿ ಹೋಗುವಷ್ಟು ಅಗಲವಾಗುತ್ತದೆ. ನಮ್ಮ ದಖನ್ನಿನ ಕೆರೆಗಳು ಒಂಟಿಯಾಗಿರುವುದು ಅಪರೂಪ. ಒಂದರ ಕೋಡಿಯ ನೀರು ಇನ್ನೊಂದಕ್ಕೆ, ಅದರದು ಮತ್ತೊಂದಕ್ಕೆ, ಹೀಗೆ ಸರಪಣಿಯಂತೆ ಅವು ಹೆಣೆದುಕೊಂಡಿವೆ. ಮಳೆ ಮಿತವಾಗಿದ್ದಾಗ ಈ ಸರಪಣಿಯಷ್ಟು ಚೆಲುವಾದ ಏರ್ಪಾಡು ಬೇರೆಯಿಲ್ಲ; ಒಂದು ಹನಿಯೂ ವ್ಯರ್ಥವಾಗದು. ಆದರೆ ಮೇಲಿನ ಕೆರೆಯೊಂದು ಒಡೆದರೆ ಅದರ ಸಂಗ್ರಹವೆಲ್ಲವೂ ಏಕಕಾಲದಲ್ಲಿ ಕೆಳಗಿನ ಕೆರೆಗೆ ನುಗ್ಗುತ್ತದೆ. ಅಷ್ಟು ನೀರನ್ನು ಹೊರಬಿಡುವಷ್ಟು ಅಗಲವಾದ ಕೋಡಿ ಅದಕ್ಕಿರುವುದಿಲ್ಲ. ಅದೂ ಒಡೆಯುತ್ತದೆ, ಅದರ ಕೆಳಗಿನದೂ ಒಡೆಯುತ್ತದೆ. ಯಾವುದೋ ಹಳ್ಳಿಯ ಒಂದು ಏರಿಯ ದೌರ್ಬಲ್ಯವು ಹತ್ತಾರು ಮೈಲಿ ಆಚೆಯ ನಗರದ ಬಾಗಿಲನ್ನು ತಟ್ಟುವುದು ಹೀಗೆ.

ಏರಿಯನ್ನು ಪರೀಕ್ಷಿಸುವುದೆಂದರೆ ಏನೆಂಬುದನ್ನೂ ಇಲ್ಲಿ ಹೇಳುವುದು ಉಚಿತ. ಮೊದಲು ನೋಡಬೇಕಾದುದು ಕೋಡಿಯನ್ನು. ಅದರ ಬಾಯಲ್ಲಿ ಮುಳ್ಳುಪೊದೆಗಳು ಬೆಳೆದಿವೆಯೇ, ಹೂಳು ತುಂಬಿದೆಯೇ, ಹೆಚ್ಚು ನೀರು ನಿಲ್ಲಲೆಂಬ ಆಸೆಯಿಂದ ಯಾರಾದರೂ ಅದಕ್ಕೆ ಅಡ್ಡಲಾಗಿ ಕಲ್ಲುಮಣ್ಣು ಹಾಕಿದ್ದಾರೆಯೇ ಎಂದು ನೋಡಬೇಕು. ಅನಂತರ ಏರಿಯ ನೆತ್ತಿಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆಯಬೇಕು. ಎಲ್ಲಿ ತಗ್ಗು ಬಿದ್ದಿದೆಯೋ ಅಲ್ಲಿಯೇ ನೀರು ಮೊದಲು ಹತ್ತುತ್ತದೆ. ಉದ್ದಕ್ಕೆ ಬಿರುಕು ಕಂಡರೆ ಮಣ್ಣು ಜಾರುವ ಸೂಚನೆ. ನೀರಿನ ಕಡೆಯ ಕಲ್ಲುಹೊದಿಕೆ ಕದಲಿದ್ದರೆ ಅಲೆಗಳು ಮಣ್ಣನ್ನು ತಿನ್ನುತ್ತವೆ. ಹಿಂಬದಿಯಲ್ಲಿ ಇಲಿ ಹೆಗ್ಗಣಗಳ ಬಿಲ, ಏಡಿಯ ತೂತು, ಗೆದ್ದಲಿನ ಹುತ್ತ ಇವೆಯೇ ಎಂದು ಹುಡುಕಬೇಕು. ಏರಿಯ ಮೇಲೆ ಬೆಳೆದ ದೊಡ್ಡ ಮರವು ನೆರಳು ಕೊಡುತ್ತದೆಂದು ಸಂತೋಷಪಡಬಾರದು. ಅದು ಸತ್ತ ಮೇಲೆ ಬೇರು ಕೊಳೆತು ನೀರಿಗೆ ಸುರಂಗವಾಗುತ್ತದೆ.

ಇವೆಲ್ಲಕ್ಕಿಂತ ಸೂಕ್ಷ್ಮವಾದುದು ಒಸರುವ ನೀರಿನ ಪರೀಕ್ಷೆ. ಮಣ್ಣಿನ ಏರಿ ಸ್ವಲ್ಪ ಜಿನುಗುವುದು ಸಹಜ. ಬುಡದಲ್ಲಿ ಒಸರುವ ನೀರು ತಿಳಿಯಾಗಿದ್ದು, ಪ್ರಮಾಣ ಹೆಚ್ಚದೆ ಇದ್ದರೆ ಅಂಜಬೇಕಾದುದಿಲ್ಲ. ಅದೇ ನೀರು ಕೆಂಪಾಗಿ ಕದಡಿ ಬಂದರೆ, ಏರಿಯ ಒಡಲಿನ ಮಣ್ಣನ್ನು ಹೊತ್ತು ತರುತ್ತಿದೆಯೆಂದು ಅರ್ಥ. ಒಳಗೆ ಹುಟ್ಟಿದ ಕೊಳವೆ ದೊಡ್ಡದಾಗುತ್ತ ಹೋಗಿ, ಮೇಲೆ ಏನೂ ಕಾಣದಿದ್ದರೂ ಏರಿ ಥಟ್ಟನೆ ಕುಸಿದೀತು. ತೂಬಿನ ಸುತ್ತಲೂ ಈ ಪರೀಕ್ಷೆಯನ್ನು ಎರಡರಷ್ಟು ಎಚ್ಚರದಿಂದ ಮಾಡಬೇಕು; ಏಕೆಂದರೆ ಕಲ್ಲೂ ಮಣ್ಣೂ ಕೂಡುವ ಸಂದಿನಲ್ಲಿ ನೀರು ದಾರಿ ಮಾಡಿಕೊಳ್ಳುವುದು ಸುಲಭ. ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ, ದೊಡ್ಡ ಮಳೆ ಬಿದ್ದಾಗ ಹಗಲಿರುಳೆನ್ನದೆ ಇವನ್ನು ನೋಡಬೇಕು. ಹಿಂದೆ ನಮ್ಮ ಹಳ್ಳಿಗಳ ನೀರುಗಂಟಿಯು ಇದನ್ನೇ ಮಾಡುತ್ತಿದ್ದನು. ಅವನ ಕೈಯಲ್ಲಿ ಇದ್ದುದು ಒಂದು ಗುದ್ದಲಿ ಮಾತ್ರ. ಆದರೆ ಊರಿನ ಪ್ರಾಣ ಅವನ ಕಣ್ಣಿನಲ್ಲಿತ್ತು.

ವಿಶ್ವೇಶ್ವರಯ್ಯನವರು ತಮ್ಮ ವರದಿಯನ್ನು 1909ರ ಅಕ್ಟೋಬರ್ 1ರಂದು ಸರ್ಕಾರಕ್ಕೆ ಒಪ್ಪಿಸಿದರು. ನಗರಕ್ಕೆ ಕೆಲವೇ ಮೈಲಿ ಮೇಲ್ಗಡೆಯಲ್ಲಿ ಮೂಸಿಗೆ ಒಂದು, ಅದನ್ನು ಸೇರುವ ಈಸಿ ನದಿಗೆ ಒಂದು, ಹೀಗೆ ಎರಡು ಜಲಾಶಯಗಳನ್ನು ಕಟ್ಟಿ ನೆರೆಯನ್ನು ತಡೆದು, ನಗರವು ತಾಳಿಕೊಳ್ಳುವಷ್ಟು ನೀರನ್ನು ಮಾತ್ರ ನದಿಯಲ್ಲಿ ಬಿಡಬೇಕೆಂಬುದು ಅವರ ಸಲಹೆಯ ತಿರುಳು. ಸಣ್ಣ ಕೆರೆಗಳೆಲ್ಲವೂ ಕೈಬಿಟ್ಟ ದಿನವೂ ಕೆಳಗಿನವರನ್ನು ಕಾಯುವ ದೊಡ್ಡ ಮಡಿಲೊಂದು ಬೇಕೆಂಬುದು ಅದರ ಅರ್ಥ. 1920ರಲ್ಲಿ ಉಸ್ಮಾನ್‌ಸಾಗರವೂ 1927ರಲ್ಲಿ ಹಿಮಾಯತ್‌ಸಾಗರವೂ ಸಿದ್ಧವಾದುವು. ನೆರೆಯನ್ನು ತಡೆಯಲು ಕಟ್ಟಿದ ಇವೇ ನಗರಕ್ಕೆ ಕುಡಿಯುವ ನೀರನ್ನೂ ಒದಗಿಸಿದುವು. ಮುಂದೆಯೂ ಅವರು ಒಳಚರಂಡಿಯ ಕೆಲಸಕ್ಕಾಗಿ ಈ ನಗರಕ್ಕೆ ಬಂದು ಸಲಹೆ ನೀಡಿದರು.

ವರದಿಯನ್ನು ಒಪ್ಪಿಸಿದ ಮರುತಿಂಗಳೇ ಅವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿಯ ಕೆಲಸ ಆರಂಭವಾಯಿತು. ಅದೇ 1911ರಲ್ಲಿ ಸಂಸ್ಥಾನವು ಕೆರೆ ಪಂಚಾಯಿತಿಗಳ ಕಾಯಿದೆಯನ್ನು ಹೊರಡಿಸಿ, ಕೆರೆಯನ್ನು ನೋಡಿಕೊಳ್ಳುವ ಹೊಣೆಯಲ್ಲಿ ಗ್ರಾಮಸ್ಥರಿಗೆ ಪಾಲು ಕೊಟ್ಟಿತೆಂಬುದನ್ನು ಬಲ್ಲವರು ಕಡಮೆ. ನಾಡಿನಲ್ಲಿ ಒಂದೇ ಒಂದು ಕನ್ನಂಬಾಡಿ. ಕೆರೆಗಳಾದರೋ ಹತ್ತಾರು ಸಾವಿರ. ಅವನ್ನೆಲ್ಲ ರಾಜಧಾನಿಯಲ್ಲಿ ಕುಳಿತು ಕಾಯುವುದು ಯಾವ ಇಂಜಿನಿಯರನಿಂದಲೂ ಸಾಧ್ಯವಿಲ್ಲ. 1912ರಿಂದ 1918ರವರೆಗೆ ಅವರು ದಿವಾನರಾಗಿ ವಿದ್ಯೆ, ಉದ್ಯೋಗ, ಬ್ಯಾಂಕು, ವಿಶ್ವವಿದ್ಯಾನಿಲಯ ಮೊದಲಾದ ಕ್ಷೇತ್ರಗಳಲ್ಲಿ ಮಾಡಿದ ಸೇವೆಯನ್ನು ಎಲ್ಲರೂ ಬಲ್ಲರು. 1955ರಲ್ಲಿ ಭಾರತರತ್ನ ಪ್ರಶಸ್ತಿಯು ಅವರನ್ನು ಅರಸಿ ಬಂದಿತು.

ಅವರ ಕೊನೆಯ ದಿನಗಳಲ್ಲಿ ಒಂದು ದುಃಖದ ಘಟನೆ ನಡೆಯಿತು. 1961ರ ಜುಲೈ 12ರಂದು ಪುಣೆಯ ಮೇಲ್ಗಡೆ ಇನ್ನೂ ಪೂರ್ತಿಯಾಗದಿದ್ದ ಪಾನಶೇತ್ ಎಂಬ ಮಣ್ಣಿನ ಅಣೆಕಟ್ಟು ಒಡೆಯಿತು. ನೀರು ಹೊರಬಿಡುವ ಕೊಳವೆಮಾರ್ಗದ ಮೇಲಿನ ಮಣ್ಣು ಕುಸಿದುದೇ ಅದರ ಮೂಲ. ಆ ಪ್ರವಾಹವು ಕೆಳಗಿನ ಖಡಕ್ವಾಸಲಾದ ಕಟ್ಟೆಯನ್ನೂ ಒಡೆದು ಪುಣೆಯನ್ನು ಮುಳುಗಿಸಿತು. ಅರುವತ್ತು ವರ್ಷಗಳ ಹಿಂದೆ ಯುವಕ ವಿಶ್ವೇಶ್ವರಯ್ಯನವರು ಬಾಗಿಲು ನಿಲ್ಲಿಸಿದ್ದ ಕಟ್ಟೆಯೇ ಅದು. ಮೇಲಿನದು ಒಡೆದರೆ ಕೆಳಗಿನದು ಉಳಿಯದೆಂಬ ಮೂಸಿಯ ಪಾಠವೇ ಮುಠಾ ನದಿಯಲ್ಲಿ ಮತ್ತೆ ನಡೆದುಹೋಯಿತು. ಮುಂದಿನ ವರ್ಷ, 1962ರ ಏಪ್ರಿಲ್ 14ರಂದು ಆ ಶತಾಯುಷಿಗಳು ಬೆಂಗಳೂರಿನಲ್ಲಿ ದೇಹವನ್ನು ಬಿಟ್ಟರು. ಕೆರೆಗಳ ಸೀಮೆಯ ಮುದ್ದೇನಹಳ್ಳಿಯಲ್ಲಿಯೇ ಅವರ ಸಮಾಧಿಯಿದೆ. ಅವರ ಹುಟ್ಟಿದ ದಿನವನ್ನು ದೇಶವು ಇಂಜಿನಿಯರುಗಳ ದಿನವೆಂದು ಆಚರಿಸುತ್ತದೆ.

ಇಂದು ನಮ್ಮ ಸ್ಥಿತಿಯೇನು? 2021ರಲ್ಲಿ ನಮ್ಮ ದೇಶವು ಅಣೆಕಟ್ಟುಗಳ ಸುರಕ್ಷತೆಗಾಗಿ ಕಾಯಿದೆಯೊಂದನ್ನು ಮಾಡಿತು. ಮಳೆಗಾಲಕ್ಕೆ ಮುಂಚೆಯೂ ಅನಂತರವೂ ಪರೀಕ್ಷೆ ನಡೆಸಬೇಕೆಂದು ಅದು ವಿಧಿಸುತ್ತದೆ. ಇದು ಸಂತೋಷದ ವಿಷಯವೇ. ಆದರೆ ಆ ಕಾಯಿದೆಯ ವ್ಯಾಪ್ತಿಗೆ ಬರುವುವು 15 ಮೀಟರಿಗಿಂತ ಎತ್ತರವಾದ ಕಟ್ಟೆಗಳು; 10ರಿಂದ 15 ಮೀಟರಿನವು ಕೆಲವು ನಿಬಂಧನೆಗಳಿಗೆ ಒಳಪಟ್ಟು ಸೇರುತ್ತವೆ. ಅದಕ್ಕೂ ಕಡಮೆ ಎತ್ತರದ ಊರಕೆರೆಯ ಏರಿಯು ಅದರ ಹೊರಗೇ ಉಳಿಯುತ್ತದೆ. 2020ರ ಅಕ್ಟೋಬರ್ ತಿಂಗಳಲ್ಲಿ ಹೈದರಾಬಾದಿನಲ್ಲಿ ಭಾರಿ ಮಳೆಯಾದಾಗ ಪಲ್ಲೆ ಚೆರುವು, ಗುರ್ರಂ ಚೆರುವು ಎಂಬ ಕೆರೆಗಳ ಏರಿಗಳು ಒಡೆದು ಕೆಳಗಿನ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿತು. 1908ರಲ್ಲಿ ಕೆರೆಗಳ ಕೆಳಗೆ ಹೊಲಗದ್ದೆಗಳಿದ್ದುವು; ಈಗ ಅನೇಕ ಕಡೆ ಜನರು ತುಂಬಿದ ಬೀದಿಗಳಿವೆ. ಕೋಡಿಯ ನೀರು ಹರಿಯಬೇಕಾದ ಹಳ್ಳಗಳ ಮೇಲೆ ಮನೆಗಳೆದ್ದಿವೆ. ಏರಿಯು ಸಣ್ಣದೆಂದು ಅದರ ಕೆಳಗಿನ ಅಪಾಯವೂ ಸಣ್ಣದೆಂದು ತಿಳಿಯುವ ಕಾಲ ಇದಲ್ಲ.

ವಿಶ್ವೇಶ್ವರಯ್ಯನವರಂತಹ ಮೇಧಾವಿಗಳಾಗುವುದು ಎಲ್ಲರಿಗೂ ಸಾಧ್ಯವಾಗದಿರಬಹುದು. ಅವರಂತೆ ಎಣಿಸಿ ನೋಡುವ ಅಭ್ಯಾಸವನ್ನು ಬೆಳೆಸಿಕೊಳ್ಳಲು ಅಡ್ಡಿಯೇನಿದೆ? ನಮ್ಮ ಶಾಲೆಯ ಮಕ್ಕಳು ಸಂಜೆಯ ಹೊತ್ತು ಹುಸೇನ್‌ಸಾಗರದ ಟ್ಯಾಂಕ್ ಬಂಡಿನ ಮೇಲೆ ನಡೆದಾಡುತ್ತಾರೆ. ದೀಪಗಳನ್ನೂ ದೋಣಿಗಳನ್ನೂ ನೋಡಿ ಸಂತೋಷಪಡುತ್ತಾರೆ. ತಾವು ನಡೆಯುತ್ತಿರುವುದು ಹದಿನಾರನೆಯ ಶತಮಾನದಲ್ಲಿ ಕಟ್ಟಿದ ಕೆರೆಯೊಂದರ ಏರಿಯ ಮೇಲೆ ಎಂಬುದು ಅವರಲ್ಲಿ ಎಷ್ಟು ಜನರಿಗೆ ಹೊಳೆದೀತು? ರಜೆಯಲ್ಲಿ ಊರಿಗೆ ಹೋದಾಗ, ಇಲ್ಲವೆ ತಮ್ಮ ಮನೆಯ ಹತ್ತಿರದಲ್ಲಿಯೇ, ಕೆರೆಯೊಂದು ಕಂಡರೆ ಅದರ ಕೋಡಿ ಎಲ್ಲಿದೆಯೆಂದು ಅವರು ಕೇಳಲಿ. ಅದು ತೆರೆದಿದೆಯೇ, ಅದರ ನೀರು ಎಲ್ಲಿಗೆ ಹರಿಯುತ್ತದೆ, ಏರಿಯ ಬುಡದಲ್ಲಿ ಒಸರುವ ನೀರು ತಿಳಿಯಾಗಿದೆಯೇ ಎಂದು ಹಿರಿಯರ ಜೊತೆಯಲ್ಲಿ ಹೋಗಿ ನೋಡಲಿ. ಕದಡಿದ ನೀರು ಕಂಡರೆ ಸುಮ್ಮನಿರದೆ ಊರಿನವರಿಗೂ ಅಧಿಕಾರಿಗಳಿಗೂ ತಿಳಿಸಲಿ. 221 ಏರಿಗಳ ಲೆಕ್ಕ ಒಡೆದ ಮೇಲೆ ಸಿಕ್ಕಿತು. ಒಡೆಯುವುದಕ್ಕೆ ಮುಂಚೆ ಎಣಿಸುವ ಕೆಲಸವನ್ನು ಆ ಮಹನೀಯರು ನಮಗೆ ಬಿಟ್ಟುಹೋಗಿದ್ದಾರೆ.